ಕರಿಬೇವಿನ ಬಕೆಟ್‌ನಲ್ಲಿ ಓತಿಕ್ಯಾತ ಮೊಟ್ಟೆ ಇಟ್ಟಿದೆ, ಏನು ಮಾಡಲಿ?

ಕರಿಬೇವು · ಜೂನ್ 7, ಮಧ್ಯಾಹ್ನ 2:10

ನಮಸ್ಕಾರ. ಇದು ಗಿಡದ ಪ್ರಶ್ನೆ ಅಲ್ಲ, ಗಿಡದ ಬುಡದ ಪ್ರಶ್ನೆ.

ನಮ್ಮದು ಮೈಸೂರಿನಲ್ಲಿ ಮೊದಲನೇ ಮಹಡಿಯ ಮನೆ. ತಾರಸಿ ಮೇಲೆ ಹಳೇ ಪೇಂಟ್ ಬಕೆಟ್‌ಗಳಲ್ಲಿ ಗಿಡ ಹಾಕಿದ್ದೇನೆ. ಪಕ್ಕದ ಮನೆಯ ಸೀಬೆ ಮರ ನಮ್ಮ ತಾರಸಿಗೆ ಒರಗಿಕೊಂಡಿದೆ. ಅದರಲ್ಲಿ ಓತಿಕ್ಯಾತಗಳಿವೆ ಅಂತ ಗೊತ್ತಿತ್ತು. ನನ್ನ ಪಾಡಿಗೆ ನಾನು, ಅವುಗಳ ಪಾಡಿಗೆ ಅವು. ಇವತ್ತು ಬೆಳಿಗ್ಗೆ ಬಟ್ಟೆ ಒಣಗಿಸಲು ಹೋದಾಗ ಕರಿಬೇವಿನ ಬಕೆಟ್‌ನಲ್ಲಿ ಒಂದು ಓತಿ ಮಣ್ಣು ಕೆದರುತ್ತಿತ್ತು. ಹೊಟ್ಟೆ ಊದಿತ್ತು. ಚೀಲದಲ್ಲಿ ಗೋಲಿ ತುಂಬಿದ ಹಾಗೆ ಪಕ್ಕೆಯಲ್ಲೆಲ್ಲ ಉಬ್ಬು ಉಬ್ಬು.

ಓಡಿಸಲು ಕೈ ಎತ್ತಿದವಳು ಹಾಗೇ ನಿಂತುಬಿಟ್ಟೆ. ಮುಂಗಾಲಲ್ಲಿ ನಾಲ್ಕು ಸಲ ಕೆದರುತ್ತದೆ, ನಿಲ್ಲಿಸಿ ಅತ್ತಿತ್ತ ನೋಡುತ್ತದೆ, ಮತ್ತೆ ಕೆದರುತ್ತದೆ. ತಲೆ ಪೂರ್ತಿ ಮುಳುಗುವಷ್ಟು ಗುಂಡಿ ಆದ ಮೇಲೆ ತಿರುಗಿ, ಹಿಂಭಾಗ ಒಳಗೆ ಇಳಿಸಿ ಕೂತಿತು. ನಾನು ನೀರಿನ ಟ್ಯಾಂಕ್ ಹಿಂದೆ ಒದ್ದೆ ಬಟ್ಟೆ ಹಿಡಿದುಕೊಂಡು ನಿಂತಿದ್ದೆ. ಹೊತ್ತು ಹೋಗಿದ್ದೇ ಗೊತ್ತಾಗಲಿಲ್ಲ. ಬಿಳೀ ಮೊಟ್ಟೆ ಒಂದೆರಡು ಕಣ್ಣಿಗೆ ಬಿದ್ದವು, ಕಡಲೆಬೀಜದಷ್ಟು ಗಾತ್ರ. ಎಷ್ಟಿವೆ ಅಂತ ಎಣಿಸಲು ಆಗಲಿಲ್ಲ. ಆಮೇಲೆ ಮಣ್ಣು ಎಳೆದು ಮುಚ್ಚಿ, ಮೂತಿಯಿಂದ ಕುಟ್ಟಿ ಕುಟ್ಟಿ ಗಟ್ಟಿ ಮಾಡಿತು. ಉಪ್ಪಿನಕಾಯಿ ಜಾಡಿಗೆ ತುಂಬಿ ಒತ್ತುತ್ತೇವಲ್ಲ, ಹಾಗೆ. ಮುಗಿಸಿ ಹೊರಟಾಗ ಹೊಟ್ಟೆ ಖಾಲಿ ಚೀಲದ ಥರ ಜೋತುಬಿದ್ದಿತ್ತು. ನನಗೆ ನನ್ನ ಬಾಣಂತನ ನೆನಪಾಯಿತು, ನಗಬೇಡಿ.

ಈಗ ಸಮಸ್ಯೆ. ಅತ್ತೆ ‘ಓತಿ ಮನೆ ಸೇರಿದರೆ ಒಳ್ಳೇದಲ್ಲ, ಮಣ್ಣು ಸಮೇತ ಎತ್ತಿ ಹೊರಗೆ ಹಾಕು’ ಅನ್ನುತ್ತಿದ್ದಾರೆ. ಎಂಟು ವರ್ಷದ ಮಗನಿಗೆ ಅದು ರಕ್ತ ಹೀರುತ್ತದೆ ಅಂತ ಜೊತೆಯ ಹುಡುಗರು ಹೇಳಿದ್ದಾರಂತೆ. ತಾರಸಿಗೆ ಬರಲ್ಲ ಅಂತ ಹಟ. ನನಗೋ ಕರಿಬೇವಿಗೆ ನೀರು ಹಾಕಬೇಕು. ಮೊಟ್ಟೆ ತೆಗೆದು ಬೇರೆ ಕಡೆ ಇಡಬಹುದಾ? ಎಷ್ಟು ದಿನಕ್ಕೆ ಮರಿ ಬರುತ್ತದೆ?

ಗಡಿಬಿಡಿ · ಜೂನ್ 7, ಮಧ್ಯಾಹ್ನ 2:31

ಒಗ್ಗರಣೆಗೆ ಹಾಕುವ ಮುಂಚೆ ಎಲೆ ಮಾತ್ರ ಚೆನ್ನಾಗಿ ತೊಳೆಯಿರಿ.

ಹಿತ್ತಲಗಿಡ · ಜೂನ್ 7, ಸಂಜೆ 4:05

ಅಕ್ಕ, ದಯವಿಟ್ಟು ಮುಟ್ಟಬೇಡಿ. ಕೋಳಿ ಮೊಟ್ಟೆಯ ಹಾಗೆ ತಿರುಗಿಸಿ ಮುರುಗಿಸಿ ಇಡುವಂಥದ್ದಲ್ಲ ಇದು. ಇಟ್ಟ ಮೇಲೆ ಮೇಲಿನ ಭಾಗ ಮೇಲೇ ಇರಬೇಕು. ಒಳಗೆ ಭ್ರೂಣ ಒಂದು ಕಡೆ ಅಂಟಿಕೊಂಡು ಬೆಳೆಯುತ್ತದೆ, ಮಗುಚಿದರೆ ಸಾಯಬಹುದು. ತೆಗೆಯಲೇಬೇಕು ಅಂತಿದ್ದರೆ ಪ್ರತಿ ಮೊಟ್ಟೆಯ ನೆತ್ತಿಗೆ ಪೆನ್ಸಿಲ್‌ನಲ್ಲಿ ಚುಕ್ಕೆ ಇಟ್ಟು, ಆ ಚುಕ್ಕೆ ಮೇಲೆ ಬರುವ ಹಾಗೇ ಇಡಬೇಕು. ಅಷ್ಟೆಲ್ಲ ರಗಳೆ ಯಾಕೆ, ಬಕೆಟ್ ಅಲ್ಲೇ ಇರಲಿ ಬಿಡಿ.

ನೀರು ಹಾಕಿ, ಆದರೆ ಮೊಟ್ಟೆ ಇಲ್ಲದ ಬದಿಗೆ. ಮಣ್ಣು ತೇವ ಇರಬೇಕು, ಕೆಸರಾಗಬಾರದು. ಅಡಿಯಲ್ಲಿ ತೂತು ಇದೆ ತಾನೇ?

ದಿನದ ಲೆಕ್ಕ: ಸಾಮಾನ್ಯವಾಗಿ ಆರು-ಏಳು ವಾರ.

ಬೇಲಿಗೂಟ · ಜೂನ್ 7, ರಾತ್ರಿ 9:20

ನನ್ನ ಹೆಸರಿಗೇ ಒಪ್ಪುವ ಚರ್ಚೆ ಬಂತಲ್ಲ! ‘ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ’ ಅಂತ ಗಾದೆ. ಸಾಕ್ಷಿ ಹೇಳಲು ಬಂದಿದ್ದೇನೆ. ಮೂವತ್ತು ವರ್ಷ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡಿ ಈಗ ಮನೆಯಲ್ಲಿದ್ದೇನೆ, ಸ್ವಲ್ಪ ಉದ್ದ ಆದರೆ ಸಹಿಸಿಕೊಳ್ಳಿ.

ಮೊದಲು ಮಗನ ವಿಷಯ. ಓತಿಕ್ಯಾತ ರಕ್ತ ಹೀರುವುದಿಲ್ಲ. ಹೀರುವ ಬಾಯಿಯೇ ಅದಕ್ಕಿಲ್ಲ. ಇರುವೆ, ಮಿಡತೆ, ಜೀರುಂಡೆ, ಕಂಬಳಿಹುಳ, ಸಿಕ್ಕರೆ ಒಂದು ಪುಟ್ಟ ಹಲ್ಲಿ. ಹಿಡಿಯುತ್ತದೆ, ಎರಡು ಸಲ ಅಗಿಯುತ್ತದೆ, ನುಂಗುತ್ತದೆ. ಅಷ್ಟೇ ಅದರ ಊಟ. ವಿಷವೂ ಇಲ್ಲ. ಕೈಯಲ್ಲಿ ಹಿಡಿದರೆ ಕಚ್ಚುತ್ತದೆ, ಚರ್ಮ ತರಚಬಹುದು. ನೀವು ಹಿಡಿದಿರಿ, ಅದು ಕಚ್ಚಿತು, ಲೆಕ್ಕ ಚುಕ್ತಾ.

ಇನ್ನು ಕೆಂಪು ಕತ್ತಿನ ಕಥೆ. ಮುಂಗಾರಿಗೆ ಸ್ವಲ್ಪ ಮುಂಚಿನಿಂದ ಗಂಡಿನ ತಲೆ, ಕತ್ತು, ಭುಜ ಎಲ್ಲ ಕೆಂಪೇರುತ್ತವೆ. ಗಂಟಲ ಪಕ್ಕದಲ್ಲಿ ಕಪ್ಪು ಮಚ್ಚೆ. ಬೇಲಿ ಮೇಲೆ ಕೂತು ಮುಂಗಾಲಲ್ಲಿ ದಂಡ ಹೊಡೆಯುತ್ತದೆ, ತಲೆ ಆಡಿಸುತ್ತದೆ. ನೋಡಿದವರಿಗೆ ‘ಓಹೋ, ನಮ್ಮ ಕಡೆ ನೋಡಿಕೊಂಡೇ ರಕ್ತ ಎಳೆಯುತ್ತಿದೆ, ಗಂಟಲು ತುಂಬಿತು’ ಅನ್ನಿಸಿರಬೇಕು. ಬ್ರಿಟಿಷರು ಕೂಡ ಇದನ್ನು ‘ಬ್ಲಡ್‌ಸಕ್ಕರ್’ ಅಂತಲೇ ಕರೆದರು. ಪಾಪದ ಪ್ರಾಣಿ ಹೆಣ್ಣಿಗೆ ತೋರಿಸಲು, ಪಕ್ಕದ ಗಂಡನ್ನು ಹೆದರಿಸಲು ಮಾಡುವ ಕಸರತ್ತು ಅದು. ನಿಮ್ಮ ಕಡೆ ಅದರ ಗಮನವೇ ಇರುವುದಿಲ್ಲ.

ಅತ್ತೆಯವರ ವಿಷಯಕ್ಕೆ ನಾನು ಬರುವುದಿಲ್ಲ. ನನಗೂ ಅತ್ತೆ ಇದ್ದರು.

ಮುಂಗಾರು ಹನಿ · ಜೂನ್ 8, ಬೆಳಿಗ್ಗೆ 7:15

ಅತ್ತೆಯವರು ಹೇಳಿದ್ದು ಪಂಚಾಂಗದ ಮಾತು. ಹಿಂದಿನ ಪುಟಗಳಲ್ಲಿ ಹಲ್ಲಿ ಬಿದ್ದರೆ ಏನು ಫಲ, ಸರಟ ಹತ್ತಿದರೆ ಏನು ಫಲ ಅಂತ ಪಟ್ಟಿಯೇ ಇರುತ್ತದೆ. ಸರಟ ಅಂದರೆ ಓತಿ. ಹಲ್ಲಿ ಮೇಲಿಂದ ಬೀಳುವುದು, ಓತಿ ಕೆಳಗಿಂದ ಹತ್ತುವುದು. ಆದರೆ ಅದೆಲ್ಲ ಮೈಮೇಲೆ ಹತ್ತಿದರೆ ಮಾತ್ರ. ಕರಿಬೇವಿನ ಬಕೆಟ್ ಹತ್ತಿದರೆ ಫಲ ಏನು ಅಂತ ನಮ್ಮನೆ ಪಂಚಾಂಗದಲ್ಲಿ ಬರೆದಿಲ್ಲ. ಈ ಪಾಯಿಂಟ್ ಇಟ್ಟು ವಾದ ಮಾಡಿ ನೋಡಿ.

ಕರಿಬೇವು · ಜೂನ್ 8, ಬೆಳಿಗ್ಗೆ 10:40

ಮುಂಗಾರು ಹನಿ ಅವರೇ, ಕಾಲಿಗೆ ಬಿದ್ದೆ! ಇದೇ ಮಾತು ಹೇಳಿದೆ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು ‘ಸರಿ, ಒಳಗೆ ಬರದಂತೆ ಬಾಗಿಲು ಹಾಕಿಕೋ’ ಅಂದರು. ಅರ್ಧ ಗೆದ್ದ ಹಾಗೆ.

ತೂತು ಇದೆ ಹಿತ್ತಲಗಿಡ, ಮೂರು. ಸಾಕಲ್ವಾ?

ನಾಗರಬಾವಿ ಬಸ್ · ಜೂನ್ 8, ಮಧ್ಯಾಹ್ನ 1:00

ಒಂದು ಡೌಟು. ಬಣ್ಣ ಬದಲಿಸುವುದು ಗೋಸುಂಬೆ ಅಲ್ವಾ? ಓತಿಕ್ಯಾತ, ಗೋಸುಂಬೆ, ಊಸರವಳ್ಳಿ ಎಲ್ಲ ಒಂದೇನಾ? ಟೀವಿಯಲ್ಲಿ ರಾಜಕಾರಣಿಗಳಿಗೆ ಗೋಸುಂಬೆ ಅಂತ ಬೈಯುವಾಗ ಹಿಂದೆ ತೋರಿಸುವ ಫೋಟೋ ಮಾತ್ರ ನಮ್ಮ ಬೇಲಿಯ ಓತಿಯದ್ದೇ ಇರುತ್ತದೆ.

ಬೇಲಿಗೂಟ · ಜೂನ್ 8, ಮಧ್ಯಾಹ್ನ 3:45

ಒಂದೇ ಅಲ್ಲ. ಗೋಸುಂಬೆ ಬೇರೆ ಕುಟುಂಬ. ಅದರ ಕಣ್ಣು ಗೋಪುರದ ಹಾಗೆ ಹೊರಗೆ ಬಂದು, ಒಂದೊಂದು ಒಂದೊಂದು ಕಡೆ ತಿರುಗುತ್ತದೆ. ಬೆರಳುಗಳು ಕೂಡಿಕೊಂಡು ಇಕ್ಕಳದ ಹಾಗಿವೆ. ಬಾಲ ಕೊಂಬೆಗೆ ಸುತ್ತಿಕೊಳ್ಳುತ್ತದೆ. ನಡೆಯುವಾಗ ಹಿಂದೆ ಮುಂದೆ ತೂಗಾಡುತ್ತದೆ. ನೋಡುತ್ತಿದ್ದರೆ ಸಾಲ ಕೊಟ್ಟವನ ಮನೆಗೆ ಹೋಗುವವನ ನಡಿಗೆ. ನಮ್ಮ ಒಣ ಬಯಲುಸೀಮೆಯ ಕುರುಚಲಿನಲ್ಲಿ ಇದೆ, ಆದರೆ ನೋಡಿದವರು ಕಡಿಮೆ. ವನ್ಯಜೀವಿ ಕಾಯ್ದೆಯ ರಕ್ಷಣೆ ಇರುವ ಪ್ರಾಣಿ, ಮನೆಗೆ ತಂದು ಸಾಕಬಾರದು.

ಓತಿಕ್ಯಾತ ಅಂದರೆ ಬೇಲಿ, ತೋಟ, ಲೈಟು ಕಂಬ ಎಲ್ಲ ಕಡೆ ಕಾಣುವುದು. ಬಾಲ ಮೈಗಿಂತ ಎರಡು ಪಾಲಿಗೂ ಜಾಸ್ತಿ ಉದ್ದ. ಬೆನ್ನ ಮೇಲೆ ಮುಳ್ಳಿನ ಸಾಲು. ಎದ್ದು ಓಡಿದರೆ ಕಣ್ಣಿಗೆ ಸಿಗಲ್ಲ. ಹಲ್ಲಿಯ ಹಾಗೆ ಬಾಲ ಉದುರಿಸಿ ಪಾರಾಗುವ ವಿದ್ಯೆ ಇದಕ್ಕಿಲ್ಲ. ಮಕ್ಕಳಿಗೆ ಇದನ್ನು ಹೇಳಿ, ಬಾಲ ಎಳೆದರೆ ಹೊಸದು ಬರುತ್ತದೆ ಅಂದುಕೊಂಡಿರುತ್ತಾರೆ.

ವೈಜ್ಞಾನಿಕ ಹೆಸರು ಕ್ಯಾಲೋಟಿಸ್ ವರ್ಸಿಕಲರ್. 1802ರಲ್ಲಿ ಡೌಡಾನ್ ಅನ್ನುವ ಫ್ರೆಂಚ್ ವಿಜ್ಞಾನಿ ಇಟ್ಟದ್ದು. ವರ್ಸಿಕಲರ್ ಅಂದರೇ ಬಗೆಬಗೆ ಬಣ್ಣದ್ದು. ಹಾಗಾಗಿ ಇದೂ ಬಣ್ಣ ಬದಲಿಸುತ್ತದೆ, ಗೋಸುಂಬೆಯಷ್ಟು ಥರಾವರಿ ಅಲ್ಲ, ಅಷ್ಟೇ. ಇನ್ನೊಂದು ತಪ್ಪು ತಿಳಿವಳಿಕೆ: ಎರಡೂ ಕೂತ ಜಾಗಕ್ಕೆ ತಕ್ಕ ಬಣ್ಣ ಹಾಕಿಕೊಳ್ಳುತ್ತವೆ ಅನ್ನುವುದು. ಚೌಕಳಿ ಬಟ್ಟೆ ಮೇಲೆ ಬಿಟ್ಟರೆ ಚೌಕಳಿ ಆಗುವುದಿಲ್ಲ! ಬಿಸಿಲು, ಚಳಿ, ಭಯ, ಸಿಟ್ಟು, ಹೆಣ್ಣು. ಮುಖ್ಯವಾಗಿ ಇವೇ ಕಾರಣ.

ಕುಂಬಳೆ ಮಾಣಿ · ಜೂನ್ 9, ರಾತ್ರಿ 11:12

ಹೆಸರಿನ ಮಾತು ಬಂತಲ್ಲ. ನಮ್ಮ ಕಾಸರಗೋಡಿನಲ್ಲಿ ಒಂದೇ ಬಸ್ಸಿನಲ್ಲಿ ಮೂರು ಭಾಷೆ. ಕನ್ನಡದಲ್ಲಿ ಓತಿ, ತುಳುವಿನಲ್ಲಿ ಓಂತಿ, ಮಲಯಾಳದಲ್ಲಿ ಓಂದ್. ತಮಿಳಿನಲ್ಲೂ ಓಂದಿ, ಓಣಾನ್. ಒಂದೇ ಪದ ಬೇಲಿಯಿಂದ ಬೇಲಿಗೆ ಹಾರಿದ ಹಾಗಿದೆ. ತೆಲುಗಿನವರು ಮಾತ್ರ ತೊಂಡ ಅನ್ನುತ್ತಾರೆ.

ಇನ್ನೊಂದು ಹೇಳಬೇಕು, ಹೇಳಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ನಾವು ಚಿಕ್ಕವರಿದ್ದಾಗ ಓಂತಿ ಕಂಡರೆ ಅಂಗಿ ಎಳೆದು ಹೊಕ್ಕುಳು ಮುಚ್ಚಿಕೊಳ್ಳುತ್ತಿದ್ದೆವು. ದೂರದಿಂದಲೇ ಹೊಕ್ಕುಳಿನಿಂದ ರಕ್ತ ಎಳೆಯುತ್ತದೆ ಅಂತ ನಂಬಿಕೆ. ಹೆದರಿಕೆ ಜಾಸ್ತಿ ಆದಷ್ಟೂ ಕ್ರೌರ್ಯ ಜಾಸ್ತಿ. ಹಿಡಿಸೂಡಿಯ ಕಡ್ಡಿಯ ತುದಿಗೆ ಕುಣಿಕೆ ಮಾಡಿ, ಮೆಲ್ಲಗೆ ಕತ್ತಿಗೆ ತೂರಿಸಿ ಎಳೆಯುವುದು. ಕುಣಿಕೆ ಹತ್ತಿರ ಬಂದರೂ ಅದು ಓಡುವುದಿಲ್ಲ, ಕೈ ಕಂಡರೆ ಮಾತ್ರ ಓಡುತ್ತದೆ. ಆಮೇಲೆ ಅಜ್ಜನ ಡಬ್ಬಿಯಿಂದ ನಶ್ಯ ಕದ್ದು ಅದರ ಬಾಯಿಗೆ ಹಾಕುವುದು. ಅದು ಸುತ್ತು ಸುತ್ತು ತಿರುಗಿ ಬೀಳುತ್ತಿತ್ತು. ನಾವು ನಗುತ್ತಿದ್ದೆವು.

ಒಂದು ಸಲ ಹೀಗೆ ಸತ್ತದ್ದರ ಹೊಟ್ಟೆ ಒಡೆದು ಮೊಟ್ಟೆ ಹೊರಗೆ ಬಂತು. ಹದಿನಾಲ್ಕಿದ್ದವು. ಎಣಿಸಿದ್ದು ನಾನೇ. ಈಗ ನನಗೆ ನಲವತ್ತೊಂಬತ್ತು, ಆ ಸಂಖ್ಯೆ ಮರೆತಿಲ್ಲ. ಕರಿಬೇವು ಅವರೇ, ನಿಮ್ಮ ಬಕೆಟ್‌ನಲ್ಲಿ ಏನಾಯಿತು ಅಂತ ಬರೆಯುತ್ತಿರಿ.

ಕರಿಬೇವು · ಜೂನ್ 10, ಬೆಳಿಗ್ಗೆ 6:50

ಬರೆಯುತ್ತೇನೆ ಅಣ್ಣ. ಮಗನಿಗೆ ನಿಮ್ಮ ಪೋಸ್ಟ್ ಓದಿ ಹೇಳಿದೆ, ನಶ್ಯದ ಭಾಗ ಬಿಟ್ಟು. ಹದಿನಾಲ್ಕು ಅಂದಿದ್ದಕ್ಕೆ ಕಣ್ಣರಳಿಸಿದ. ಗೋಡೆಯ ಕ್ಯಾಲೆಂಡರ್‌ನಲ್ಲಿ ಜೂನ್ 7ಕ್ಕೆ ದುಂಡಗೆ ಗೆರೆ ಹಾಕಿ ದಿನ ಎಣಿಸುತ್ತಿದ್ದಾನೆ.

ಧಾರವಾಡದಾವ · ಜೂನ್ 11, ಸಂಜೆ 6:30

ಮೊಟ್ಟೆ ವಿಷಯ ಬಂದಾಗ ನಮ್ಮೂರಿನ ಹೆಸರು ಬರದಿದ್ದರೆ ಹೆಂಗ್ರೀ? ಓತಿಕ್ಯಾತದ ಸಂಸಾರದ ಗುಟ್ಟು ರಟ್ಟು ಮಾಡಿದ್ದೇ ಧಾರವಾಡ. ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಸೈದಾಪುರ, ಶಾನಭಾಗ ಇವರೆಲ್ಲ ವರ್ಷಗಟ್ಟಲೆ ಇದರ ಮೇಲೆ ಕೆಲಸ ಮಾಡಿದ್ದಾರೆ. ನಾನು ಆಗ ಅಲ್ಲಿ ಬೇರೆ ವಿಭಾಗದ ವಿದ್ಯಾರ್ಥಿ. ಗೆಳೆಯನ ನೋಡಲು ಹೋದಾಗ ಪಂಜರದೊಳಗೆ ಓತಿಗಳು ನಮ್ಮ ಕಡೆ ತಲೆ ಆಡಿಸುತ್ತಿದ್ದವು.

ಅವರು ಕಂಡುಕೊಂಡಿದ್ದರಲ್ಲಿ ನನಗೆ ಭಾಳ ಸೇರಿದ್ದು ಇದು. ಹೆಣ್ಣಿಗೆ ಮೊಟ್ಟೆ ತಯಾರಾಗಿದೆ, ಆದರೆ ಮಳೆ ಇಲ್ಲ, ನೆಲ ಗಟ್ಟಿ. ಆಗ ಅದು ಏನು ಮಾಡುತ್ತದೆ? ಹೊಟ್ಟೆಯಲ್ಲೇ ಇಟ್ಟುಕೊಂಡು ಕಾಯುತ್ತದೆ. ಬರೀ ಕಾಯುವುದಲ್ಲ, ಒಳಗಿನ ಭ್ರೂಣ ಒಂದು ಹಂತಕ್ಕೆ ಬಂದು ಬೆಳವಣಿಗೆಯನ್ನೇ ನಿಲ್ಲಿಸುತ್ತದೆ. ಹಸಿ ಮಣ್ಣು ಕೊಡದೆ ಇಟ್ಟರೆ ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಮಣ್ಣು ಸಿಕ್ಕಿತೋ, ಮೊಟ್ಟೆ ಇಡುತ್ತದೆ, ಒಳಗಿನದ್ದು ಮತ್ತೆ ಬೆಳೆಯಲು ಶುರು. ಕರಿಬೇವು ಮೇಡಂ, ನೀವು ದಿನಾ ನೀರು ಹಾಕುವ ಬಕೆಟ್ ಅದಕ್ಕೆ ಯಾಕೆ ಹಿಡಿಸಿತು ಅಂತ ಈಗ ಗೊತ್ತಾಯಿತಲ್ರೀ? ನಿಮ್ಮ ಓಣಿಯಲ್ಲಿ ಮೆತ್ತನೆ ಹಸಿ ಮಣ್ಣು ಅಂದರೆ ಅದೊಂದೇ ಇದ್ದೀತು. ಉಳಿದದ್ದೆಲ್ಲ ಕಾಂಕ್ರೀಟು.

ಇನ್ನೊಂದು. ಮರಿ ಗಂಡೋ ಹೆಣ್ಣೋ ಅನ್ನುವುದು ಮಣ್ಣಿನ ಬಿಸಿ ಮೇಲೆ ನಿಂತಿದೆ. ಈ ಬಗ್ಗೆ 2012ರಲ್ಲಿ ಒಂದು ಅಧ್ಯಯನ ಬಂತು, ನಮ್ಮ ಧಾರವಾಡದವರೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಸೇರಿ ಮಾಡಿದ್ದು. ಬಿಸಿ ಏರುತ್ತಾ ಹೋದ ಹಾಗೆ ಮೊದಲು ಹೆಣ್ಣು ಜಾಸ್ತಿ, ಆಮೇಲೆ ಗಂಡು, ಮತ್ತೆ ಹೆಣ್ಣು, ಮತ್ತೆ ಗಂಡು. ಆಮೆ, ಮೊಸಳೆಗಳಲ್ಲೂ ಬಿಸಿಯ ಲೆಕ್ಕ ಇದೆ, ಆದರೆ ಹಿಂಗೆ ಎರಡೆರಡು ಸಲ ಹೊಯ್ದಾಡುವುದು ಹೊಸದು.

ಗಡಿಬಿಡಿ · ಜೂನ್ 11, ಸಂಜೆ 6:41

ಸ್ಕ್ಯಾನಿಂಗ್ ಸೆಂಟರ್ ಬೋರ್ಡಿನ ಬದಲು ಥರ್ಮಾಮೀಟರ್.

ಕರಿಬೇವು · ಜೂನ್ 15, ಸಂಜೆ 5:20

ಇವತ್ತು ಭಾನುವಾರದ ಮ್ಯಾಟಿನಿ. ಸೀಬೆ ಮರದಲ್ಲಿ ಎರಡು ಗಂಡು ಎದುರುಬದುರು. ಮಗ ಕಿಟಕಿ ಒಳಗಿಂದ, ಹೊರಗೆ ಇನ್ನೂ ಬಂದಿಲ್ಲ. ಎರಡೂ ಕೆಂಪಗೆ ಇದ್ದವು, ಒಂದರದ್ದು ಕುಂಕುಮದ ಬಣ್ಣ, ಇನ್ನೊಂದು ಸ್ವಲ್ಪ ಮಾಸಲು. ಗಂಟಲು ಉಬ್ಬಿಸಿ, ಮೈ ಚಪ್ಪಟೆ ಮಾಡಿ ಅಡ್ಡಲಾಗಿ ನಿಂತು ದಂಡ ಹೊಡೆದವು. ಆಮೇಲೆ ಬಾಯಿಗೆ ಬಾಯಿ ಕಚ್ಚಿ ಹಿಡಿದು ಕೊಂಬೆಯಿಂದ ತಾರಸಿಗೆ ದಪ್ ಅಂತ ಬಿದ್ದವು! ಬಿಡಿಸಿಕೊಂಡ ಮೇಲೆ ಸೋತದ್ದು ಬಾಗಿಲ ಪಕ್ಕಕ್ಕೆ ಬಂದು ನಿಂತಿತು. ನೋಡನೋಡುತ್ತಿದ್ದ ಹಾಗೆ ಅದರ ಕೆಂಪು ಇಳಿಯಿತು. ಬಟ್ಟೆ ಮೊದಲ ಒಗೆತಕ್ಕೇ ಬಣ್ಣ ಬಿಡುತ್ತದಲ್ಲ, ಹಾಗೆ. ಕೊನೆಗೆ ಒಣ ತರಗೆಲೆ ಬಣ್ಣ. ಗೆದ್ದದ್ದು ಮಾತ್ರ ಪೈಪ್ ಮೇಲೆ ಹತ್ತಿ ಇನ್ನೂ ಹತ್ತು ದಂಡ ಜಾಸ್ತಿ ಹೊಡೆಯಿತು.

‘ಅಮ್ಮ, ರಕ್ತ ವಾಪಸ್ ಕೊಟ್ಟುಬಿಡ್ತಾ?’ ಅಂದ ನನ್ನ ಮಗ.

ಬೇಲಿಗೂಟ ಸರ್, ಅಷ್ಟು ಬೇಗ ಬಣ್ಣ ಹೇಗೆ ಹೋಗುತ್ತದೆ? ಅವನಿಗೆ ಹೇಳುವ ಹಾಗೆ ಹೇಳಿ.

ಬೇಲಿಗೂಟ · ಜೂನ್ 15, ರಾತ್ರಿ 8:55

ಎಂಥ ಪ್ರಶ್ನೆ ಕೇಳಿದ ನಿಮ್ಮ ಹುಡುಗ! ಹೀಗೆ ಹೇಳಿ. ಚರ್ಮದೊಳಗೆ ಕಪ್ಪು ಪುಡಿ ತುಂಬಿದ ಕಣಗಳಿವೆ, ಸುತ್ತ ಕೈ ಚಾಚಿದ ನಕ್ಷತ್ರದ ಆಕಾರ. ಮುಷ್ಟಿಯಲ್ಲಿ ರಂಗೋಲಿ ಪುಡಿ ಹಿಡಿದ ಹಾಗೆ ಅಂದುಕೊಳ್ಳಲಿ. ಮುಷ್ಟಿ ಬಿಗಿಯಾಗಿದ್ದರೆ ಬರೀ ಒಂದು ಚುಕ್ಕೆ, ಮೈ ತಿಳಿ ಬಣ್ಣ. ಪುಡಿ ನಕ್ಷತ್ರದ ಕೈಗಳ ತುದಿವರೆಗೂ ಹರಡಿದರೆ ಮೈ ಕಪ್ಪು. ಹಳದಿ, ಕೆಂಪಿನ ಕಣಗಳು ಅದರ ಜೊತೆಗೇ ಇರುತ್ತವೆ. ಕಪ್ಪು ಹರಡಿದರೆ ಅವು ಮಸುಕಾಗುತ್ತವೆ, ಕಪ್ಪು ಸರಿದರೆ ಎದ್ದು ಕಾಣುತ್ತವೆ. ಪುಡಿ ಹರಡು, ಮುದುಡು ಅಂತ ಹೇಳುವುದು ದೇಹದೊಳಗಿನ ಹಾರ್ಮೋನು. ಸೋತಾಗ, ಹೆದರಿದಾಗ ಅದರ ಹುಕುಂ ಬದಲಾಗುತ್ತದೆ. ರಕ್ತ ಎಲ್ಲಿಗೂ ಹೋಗಿಲ್ಲ ಮಗನೇ, ಪುಡಿ ಜಾಗ ಬದಲಿಸಿತು.

ಗೋಸುಂಬೆಯಲ್ಲಿ ಇನ್ನೊಂದು ಚಮತ್ಕಾರ ಇದೆ. ಚರ್ಮದಲ್ಲಿ ಬೆಳಕು ಹಿಂದಕ್ಕೆ ಎಸೆಯುವ ಸಣ್ಣ ಹರಳುಗಳಿವೆ. ಅವುಗಳ ನಡುವಿನ ಅಂತರ ಹಿಗ್ಗಿದರೆ ಒಂದು ಬಣ್ಣ, ಕುಗ್ಗಿದರೆ ಇನ್ನೊಂದು. ಮಡಗಾಸ್ಕರ್‌ನ ಒಂದು ಗೋಸುಂಬೆಯಲ್ಲಿ ಇದನ್ನು ಜಿನೀವಾದ ವಿಜ್ಞಾನಿಗಳು 2015ರಲ್ಲಿ ತೋರಿಸಿದರು.

ಒಂದು ಪ್ರಯೋಗ ಮಾಡಿ. ನಾಳೆ ಬೆಳಿಗ್ಗೆ ಬಿಸಿಲು ಏರುವ ಮುಂಚೆ ಆ ಓತಿ ನೋಡಿ, ಮಧ್ಯಾಹ್ನ ಮತ್ತೆ ನೋಡಿ. ಬೆಳಿಗ್ಗೆ ಕಪ್ಪಗೆ ಇರುತ್ತದೆ, ಬೇಗ ಬಿಸಿ ಹೀರಲಿ ಅಂತ. ಮೈ ಕಾದ ಮೇಲೆ ತಿಳಿ.

ರಾಗಿಮುದ್ದೆ · ಜೂನ್ 16, ಮಧ್ಯಾಹ್ನ 12:30

ಸರ್, ನಂದಿಬೆಟ್ಟದ ಕಡೆ ಬಂಡೆ ಮೇಲೆ ಕೂರುವ ಕಪ್ಪು-ಕೆಂಪು ಓತಿಯೂ ಇದೇನಾ? ಅದು ಇನ್ನೂ ಬೇಗ ಬಣ್ಣ ಬದಲಿಸುತ್ತದೆ. ಫೋಟೋ ತೆಗೆಯುವಷ್ಟರಲ್ಲಿ ಬೇರೆ ಪ್ರಾಣಿ ಆಗಿರುತ್ತದೆ.

ಬೇಲಿಗೂಟ · ಜೂನ್ 16, ಮಧ್ಯಾಹ್ನ 2:00

ಅದು ಬೇರೆ ಜಾತಿ, ಬಂಡೆಯ ಓತಿ, ಆದರೆ ನೆಂಟ. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಮರಿಯಾ ಠಾಕರ್ ಅವರ ತಂಡ ಅದರ ಮೇಲೆ ಕೆಲಸ ಮಾಡಿದೆ. ಹೆಣ್ಣಿನ ಮುಂದೆ ಒಂದು ಜೋಡಿ ಬಣ್ಣ, ಇನ್ನೊಂದು ಗಂಡಿನ ಮುಂದೆ ಬೇರೆ ಜೋಡಿ. ಹೆಣ್ಣಿಗಾದರೆ ಬಣ್ಣ ಎದ್ದು ಕಾಣಬೇಕು, ನಿಧಾನವಾದರೂ ನಡೆಯುತ್ತದೆ. ಜಗಳಕ್ಕಾದರೆ ಬೇಗ ಬದಲಾಗಬೇಕು. ಮದುವೆಗೆ ಹೊರಡುವಾಗ ನಾವು ಕನ್ನಡಿ ಮುಂದೆ ಎಷ್ಟು ಹೊತ್ತು ನಿಲ್ಲುತ್ತೇವೆ, ಬೀದಿ ಜಗಳಕ್ಕೆ ಎಷ್ಟು ಬೇಗ ತೋಳು ಮಡಚುತ್ತೇವೆ, ಅಷ್ಟೇ ವ್ಯತ್ಯಾಸ.

ದೂರದೂರು · ಜೂನ್ 20, ರಾತ್ರಿ 10:05

ಸಿಂಗಾಪುರದಿಂದ ಬರೆಯುತ್ತಿದ್ದೇನೆ. ಎಲ್ಲರೂ ಓತಿಯನ್ನು ಮುದ್ದು ಮಾಡುತ್ತಿದ್ದೀರಿ, ಸ್ವಲ್ಪ ಹುಳಿ ಹಿಂಡುತ್ತೇನೆ. ಇಲ್ಲಿ ಬಂದ ಮೊದಲ ವಾರ ಪಾರ್ಕಿನಲ್ಲಿ ಓತಿಕ್ಯಾತ ನೋಡಿ, ಊರಿನವರು ಸಿಕ್ಕ ಹಾಗೆ ಖುಷಿಯಾಗಿತ್ತು. ಆಮೇಲೆ ಗೊತ್ತಾಯಿತು, ಇಲ್ಲಿಗೆ ಅದು ಹೊರಗಿನದು. 1980ರ ದಶಕದಲ್ಲಿ ಮಲೇಷ್ಯಾ, ಥಾಯ್ಲೆಂಡ್ ಕಡೆಯಿಂದ ಬಂದದ್ದು. ಇಲ್ಲಿನ ಮೂಲ ನಿವಾಸಿ ಒಂದು ಹಸಿರು ಓತಿ ಇದೆ, ಎಳೆ ಬಾಳೆ ಎಲೆಯ ಬಣ್ಣ, ಬಲು ಚಂದ. ಊರೊಳಗಿನ ಪಾರ್ಕು, ತೋಟಗಳನ್ನೆಲ್ಲ ನಮ್ಮವನು ಹಿಡಿದುಕೊಂಡ, ಹಸಿರಿನವನು ಕಾಡಿನ ಕಡೆ ಸರಿದ.

ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪಕ್ಕಂತೂ 1865ರಷ್ಟು ಹಿಂದೆಯೇ ಹೋಗಿದೆ, ಜಾವಾದಿಂದ ತಂದ ಕಬ್ಬಿನ ಜೊತೆ.

ಹಿತ್ತಲಗಿಡ · ಜೂನ್ 21, ಬೆಳಿಗ್ಗೆ 8:10

ಅದು ಓತಿಯ ತಪ್ಪಾ, ಕಬ್ಬು ಸಾಗಿಸಿದವರ ತಪ್ಪಾ?

ದೂರದೂರು · ಜೂನ್ 21, ಬೆಳಿಗ್ಗೆ 8:35

ತಪ್ಪು ಯಾರದೇ ಇರಲಿ, ಜಾಗ ಹೋಗಿದ್ದು ಹಸಿರಿನವನದ್ದು. ಮೈಸೂರಿನ ಬಕೆಟ್‌ನಲ್ಲಿ ಅದು ಮನೆಯವನು. ಇಲ್ಲಿ ಅಲ್ಲ. ಅಷ್ಟೇ ನನ್ನ ಮಾತು. ನಾನೂ ಇಲ್ಲಿ ಹೊರಗಿನವನೇ, ಅದಕ್ಕೇ ಜಾಸ್ತಿ ಜೋರು ಮಾಡಲ್ಲ.

ಬೇಲಿಗೂಟ · ಜೂನ್ 21, ಬೆಳಿಗ್ಗೆ 11:15

ದೂರದೂರು ಹೇಳಿದ್ದು ನ್ಯಾಯವಾಗಿದೆ. ಇನ್ನೊಂದು ಎಳೆ ಸೇರಿಸುತ್ತೇನೆ. ಪಾಕಿಸ್ತಾನದಿಂದ ಮ್ಯಾನ್ಮಾರ್‌ವರೆಗೆ ಒಂದೇ ಓತಿಕ್ಯಾತ ಅಂತ ಬಹಳ ಕಾಲ ಅಂದುಕೊಂಡಿದ್ದೆವು. 2021ರಲ್ಲಿ ಡಿಎನ್ಎ ನೋಡಿದಾಗ ದಕ್ಷಿಣ ಏಷ್ಯಾದಲ್ಲೇ ನಾಲ್ಕು ಜಾತಿ ಅಂತ ಬಿಡಿಸಿದರು. ವರ್ಸಿಕಲರ್ ಅನ್ನುವ ಹೆಸರು ಉಳಿದದ್ದು ನಮ್ಮ ದಕ್ಷಿಣ ಭಾರತದ ಕಡೆಯದಕ್ಕೆ, ಯಾಕೆಂದರೆ ಆ ಹೆಸರಿಗೆ ಮಾದರಿ ಅಂತ ಇಟ್ಟುಕೊಂಡ ಓತಿ ಪುದುಚೇರಿಯದ್ದು. ಅದಕ್ಕೂ ಮೊದಲು, 2018ರಲ್ಲಿ, ಪಶ್ಚಿಮ ಘಟ್ಟದ ಕೆಲವು ಓತಿಗಳನ್ನು ಈ ಗುಂಪಿನಿಂದಲೇ ಹೊರಗೆ ತೆಗೆದು ಎರಡು ಹೊಸ ಕುಲ, ಅಂದರೆ ಹತ್ತಿರದ ಜಾತಿಗಳ ಗುಂಪು, ಮಾಡಿದ್ದರು. ನಾನು ಪಾಠ ಮಾಡಿದ ಹೆಸರುಗಳಲ್ಲಿ ಅರ್ಧ ಈಗ ಚಲಾವಣೆಯಲ್ಲಿಲ್ಲ. ಹಳೇ ಐನೂರರ ನೋಟಿನ ಹಾಗೆ.

ಕರಿಬೇವು · ಜುಲೈ 19, ರಾತ್ರಿ 9:00

ತುಂಬಾ ದಿನ ಆಯಿತು, ಕ್ಷಮಿಸಿ. ಎರಡು ದಿನದಿಂದ ಒಂದೇ ಸಮ ಮಳೆ. ನಿನ್ನೆ ಸಂಜೆ ನೋಡಿದರೆ ಬಕೆಟ್ ಕೆರೆ. ತೂತುಗಳಿಗೆ ಬೇರು ಕಟ್ಟಿಕೊಂಡಿತ್ತು. ಕಬ್ಬಿಣದ ಸರಳು ಒಲೆಯಲ್ಲಿ ಕಾಯಿಸಿ ಪಕ್ಕದಲ್ಲಿ ಇನ್ನೂ ನಾಲ್ಕು ತೂತು ಮಾಡಿದೆ. ಪ್ಲಾಸ್ಟಿಕ್ ವಾಸನೆಗೆ ಅತ್ತೆ ಮೇಲೆ ಬಂದರು. ಬೈಯುತ್ತಾರೆ ಅಂದುಕೊಂಡೆ. ಕೊಡೆ ಹಿಡಿದುಕೊಂಡು ನಿಂತರು, ನನಗಲ್ಲ, ಬಕೆಟ್‌ಗೆ.

ಮಣ್ಣು ಕೊಚ್ಚಿ ಒಂದು ಮೊಟ್ಟೆ ಸ್ವಲ್ಪ ಕಾಣಿಸುತ್ತಿತ್ತು. ಅವತ್ತು ಕಡಲೆಬೀಜದಷ್ಟಿತ್ತು, ಈಗ ದಪ್ಪ ದ್ರಾಕ್ಷಿಯಷ್ಟು! ಮುಟ್ಟಲಿಲ್ಲ, ಒಣ ಮಣ್ಣು ಹಾಕಿ ಮುಚ್ಚಿದೆ. ಮೊಟ್ಟೆ ಬೆಳೆಯುತ್ತದಾ? ಇವತ್ತಿಗೆ 42 ದಿನ. ಮಗ ದಿನಾ ಬೆಳಿಗ್ಗೆ ಕೇಳುತ್ತಾನೆ.

ಹಿತ್ತಲಗಿಡ · ಜುಲೈ 19, ರಾತ್ರಿ 9:40

ಒಳ್ಳೇ ಸುದ್ದಿ ಅಕ್ಕ. ಸಿಪ್ಪೆ ಕೋಳಿ ಮೊಟ್ಟೆಯ ಹಾಗೆ ಗಟ್ಟಿ ಅಲ್ಲ, ಹಪ್ಪಳದ ಹಿಟ್ಟಿನ ಹಾಳೆಯ ಹಾಗೆ ಮೆತ್ತಗೆ. ಮಣ್ಣಿನ ನೀರು ಹೀರಿ ಊದುತ್ತದೆ. ಸತ್ತಿದ್ದರೆ ಕುಗ್ಗಿ ಬೂಸ್ಟು ಹಿಡಿಯುತ್ತಿತ್ತು. ಕೆಂಪಿರುವೆ ಹತ್ತದಂತೆ ನೋಡಿಕೊಳ್ಳಿ, ಅದೇ ದೊಡ್ಡ ಶತ್ರು.

ಕರಿಬೇವು · ಜುಲೈ 30, ರಾತ್ರಿ 8:15

53 ದಿನ. ಏನೂ ಇಲ್ಲ. ಏಳು ವಾರ ಮುಗಿದು ನಾಲ್ಕು ದಿನ ಆಯಿತು. ಮಗ ಕ್ಯಾಲೆಂಡರ್‌ನಲ್ಲಿ ಗೀಟು ಹಾಕುವುದು ನಿಲ್ಲಿಸಿದ್ದಾನೆ. ಆ ಮಳೆ ನೀರಿಗೆ ಹೋಗಿಬಿಟ್ಟವು ಅನ್ನಿಸುತ್ತದೆ. ಅಗೆದು ನೋಡಲಾ?

ಧಾರವಾಡದಾವ · ಜುಲೈ 30, ರಾತ್ರಿ 8:32

ಬ್ಯಾಡ್ರಿ, ಬ್ಯಾಡ್ರಿ! ಆರು-ಏಳು ವಾರ ಅನ್ನುವುದು ಬೆಚ್ಚಗಿದ್ದರೆ. ಮೈಸೂರಿನಲ್ಲಿ ತಿಂಗಳಿಂದ ಸರಿಯಾಗಿ ಬಿಸಿಲು ಬಿದ್ದಿದೆಯಾ? ಮಣ್ಣು ತಣ್ಣಗಿದ್ದಷ್ಟೂ ಒಳಗಿನ ಕೆಲಸ ನಿಧಾನ. ಇನ್ನೂ ಎರಡು ವಾರ ಸುಮ್ಮನೆ ಇರಿ. ಅಗೆದರೆ ಮಾತ್ರ ಖಂಡಿತ ಹೋಗುತ್ತವೆ.

ಕುಂಬಳೆ ಮಾಣಿ · ಜುಲೈ 30, ರಾತ್ರಿ 11:50

ಅಗೆಯಬೇಡಿ.

ಕರಿಬೇವು · ಆಗಸ್ಟ್ 7, ಬೆಳಿಗ್ಗೆ 9:25

ಬಂದವು!!

61ನೇ ದಿನ. ಬೆಳಿಗ್ಗೆ ಹೂವು ಕೀಳಲು ಹೋದದ್ದು ಅತ್ತೆ. ‘ಏ ಬಾ ಇಲ್ಲಿ, ಮಣ್ಣು ಅಲ್ಲಾಡುತ್ತಿದೆ’ ಅಂತ ಕೂಗಿದರು. ಹೋದೆ. ಮಣ್ಣಿನಲ್ಲಿ ಒಂದು ಸಣ್ಣ ಬಿರುಕು. ಅದರಿಂದ ಒಂದು ಮೂತಿ, ಕಡ್ಡಿಪೆಟ್ಟಿಗೆಯ ಕಡ್ಡಿಯ ಮದ್ದಿನಷ್ಟು. ಅದು ಆಚೆ ಬರುವ ಅವಸರ ತೋರಿಸಲಿಲ್ಲ. ತುಂಬಾ ಹೊತ್ತು ಹಾಗೇ ಕಣ್ಣು ಮಿಟುಕಿಸುತ್ತಾ ಇತ್ತು. ನಾವು ಮೂರು ಜನ ಬಕೆಟ್ ಸುತ್ತ ಕುಕ್ಕರುಗಾಲಲ್ಲಿ. ಹೌದು, ಮೂರು ಜನ. ಮಗ ತಾರಸಿಗೆ ಬಂದಿದ್ದ, ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು.

ಕೆಂಪಿಲ್ಲ, ಏನಿಲ್ಲ, ಒಣ ಮಣ್ಣಿನ ಬಣ್ಣ. ಬಾಲ ಸೇರಿ ನನ್ನ ಕಿರುಬೆರಳಿನ ಉದ್ದ, ಅದರಲ್ಲಿ ಮುಕ್ಕಾಲು ಬಾಲವೇ. ಆಚೆ ಬಂದದ್ದೇ ಕರಿಬೇವಿನ ಕಾಂಡ ಹತ್ತಿ, ತಲೆ ಎತ್ತಿ, ಎದುರಿಗೆ ಬಂದ ಒಂದು ಸಣ್ಣ ಇರುವೆಯನ್ನು ನೋಡಿತು. ಲಬಕ್. ಯಾರು ಹೇಳಿಕೊಟ್ಟರೋ! ಹುಟ್ಟಿ ಹತ್ತು ನಿಮಿಷ ಆಗಿಲ್ಲ.

ಇಲ್ಲಿಯವರೆಗೆ ಐದು. ಮಗ ಇವತ್ತು ಸ್ಕೂಲಿಗೆ ಹೋಗಿಲ್ಲ, ಹೊಟ್ಟೆನೋವು ಅಂತ ಅತ್ತೆಯೇ ಫೋನ್ ಮಾಡಿ ಹೇಳಿದರು.

ಗಡಿಬಿಡಿ · ಆಗಸ್ಟ್ 7, ಬೆಳಿಗ್ಗೆ 9:27

ಬಾಣಂತಿ ಲೇಹ್ಯ ಯಾರಿಗೆ ಕಳಿಸಬೇಕು, ತಾಯಿ ವಿಳಾಸ ಕೊಡಿ.

ಬೇಲಿಗೂಟ · ಆಗಸ್ಟ್ 7, ಬೆಳಿಗ್ಗೆ 10:02

ಭೇಷ್! ತಾಯಿ ಅವತ್ತು ಮಣ್ಣು ಮುಚ್ಚಿ ಹೋದದ್ದೇ ಕೊನೆ, ಈ ಕಡೆ ತಿರುಗಿ ನೋಡಿರುವುದಿಲ್ಲ. ಮರಿಗಳಿಗೆ ಹೇಳಿಕೊಡುವವರಿಲ್ಲ, ಹುಟ್ಟಿನಿಂದಲೇ ಸ್ವಂತ ಸಂಸಾರ. ಈಗ ನೀವೂ ಒಂದು ಕೆಲಸ ಮಾಡಬೇಕು: ಏನೂ ಮಾಡಬಾರದು. ಡಬ್ಬದಲ್ಲಿ ಹಾಕಿ ಸಾಕುತ್ತೇನೆ ಅಂತ ಹುಡುಗ ಹೊರಟರೆ ತಡೆಯಿರಿ. ಕಾಗೆ, ಕೆಂಬೂತ, ಬೆಕ್ಕು, ಕೆಲವು ಸಲ ದೊಡ್ಡ ಓತಿಯೂ ಮರಿಗಳನ್ನು ತಿನ್ನುತ್ತದೆ. ಎಲ್ಲವೂ ಉಳಿಯುವುದಿಲ್ಲ, ಇದನ್ನು ಅವನಿಗೆ ಈಗಲೇ ಹೇಳಿಡಿ.

ಕರಿಬೇವು · ಆಗಸ್ಟ್ 9, ಸಂಜೆ 6:10

ಲೆಕ್ಕ ಮುಗಿಯಿತು. ಎರಡು ದಿನದಲ್ಲಿ ಒಟ್ಟು ಹನ್ನೊಂದು ಮರಿ. ಇವತ್ತು ಮೆಲ್ಲಗೆ ಮಣ್ಣು ಸರಿಸಿ ನೋಡಿದೆವು. ಖಾಲಿ ಸಿಪ್ಪೆಗಳು, ಸುಕ್ಕು ಸುಕ್ಕು, ಒದ್ದೆ ಕಾಗದದ ಹಾಗೆ. ಎರಡು ಮೊಟ್ಟೆ ಕೆಟ್ಟಿದ್ದವು, ಹಳದಿಯಾಗಿ ಕುಗ್ಗಿದ್ದವು. ಅವನ್ನು ಮಗ ದಾಸವಾಳದ ಬುಡದಲ್ಲಿ ಹೂತ.

ಬೇಲಿಗೂಟ ಸರ್ ಹೇಳಿದ ಹಾಗೆಯೇ ಆಯಿತು. ಒಂದನ್ನು ಕಾಗೆ ನಮ್ಮ ಕಣ್ಣೆದುರೇ ಎತ್ತಿಕೊಂಡು ಹೋಯಿತು. ಮಗ ಅಳಲಿಲ್ಲ, ಕಾಗೆಗೆ ಕಲ್ಲು ಹುಡುಕಿದ. ಅತ್ತೆ ಬಿಡಲಿಲ್ಲ. ಉಳಿದವು ಸೀಬೆ ಮರದಲ್ಲಿ ಎಲ್ಲೋ. ರಾತ್ರಿ ಟಾರ್ಚ್ ಬಿಟ್ಟರೆ ಸಣ್ಣ ಕೊಂಬೆಗಳ ಮೇಲೆ ಮಲಗಿರುವುದು ಕಾಣುತ್ತದೆ. ನಿನ್ನೆ ಆರು ಎಣಿಸಿದೆವು.

ಕುಂಬಳೆ ಅಣ್ಣ, ಕೆಟ್ಟ ಎರಡೂ ಸೇರಿ ಹದಿಮೂರು. ನಿಮ್ಮದಕ್ಕಿಂತ ಒಂದು ಕಡಿಮೆ.

ಕುಂಬಳೆ ಮಾಣಿ · ಆಗಸ್ಟ್ 9, ರಾತ್ರಿ 10:44

ನೋಡಿದೆ. ಮಗನಿಗೆ ಟಾರ್ಚ್ ತುಂಬಾ ಹೊತ್ತು ಹಿಡಿಯಬೇಡ ಅನ್ನಿ, ನಿದ್ದೆ ಕೆಡುತ್ತದೆ ಅವಕ್ಕೆ.

ಮುಂಗಾರು ಹನಿ · ಆಗಸ್ಟ್ 12, ಬೆಳಿಗ್ಗೆ 7:30

ನಮ್ಮ ಗುಲಾಬಿ ಕುಂಡದಲ್ಲೂ ಯಾರೋ ಮಣ್ಣು ಕೆದರಿದ್ದಾರೆ. ಇಲಿಯೋ ಓತಿಯೋ ಗೊತ್ತಾಗುವುದು ಹೇಗೆ?

ಹಿತ್ತಲಗಿಡ · ಆಗಸ್ಟ್ 12, ಬೆಳಿಗ್ಗೆ 8:00

ಕೆದರಿದ ಮಣ್ಣು ಸುತ್ತ ಚೆಲ್ಲಿದ್ದರೆ ಇಲಿ. ಮುಚ್ಚಿ ಒತ್ತಿದ ಹಾಗಿದ್ದರೆ ಇವತ್ತೇ ಕ್ಯಾಲೆಂಡರ್‌ನಲ್ಲಿ ಗೆರೆ ಹಾಕಿ.